ಒಂದು ‘ಎಫ್’ ಹೆಚ್ಚಾದರೆ: ಇಂಗ್ಲಿಷಿನ ಪುಟ್ಟ ಪದಗಳು ಏಕೆ ಇಷ್ಟು ಕಾಡುತ್ತವೆ?

ಇಂಗ್ಲಿಷಿನಲ್ಲಿ ಕಷ್ಟದ ಪದಗಳೆಂದರೆ ಉದ್ದುದ್ದದ ಪದಗಳು ಎಂದು ನಾವು ನಂಬಿಕೊಂಡಿದ್ದೇವೆ. ಮಕ್ಕಳ ನೋಟ್‌ಬುಕ್ಕು ತೆರೆದರೆ ಬೇರೆಯೇ ಸಂಗತಿ ಕಾಣುತ್ತದೆ. ‘ಎಲಿಫೆಂಟ್’, ‘ಅಂಬ್ರೆಲಾ’ಗಳನ್ನು ತಪ್ಪಿಲ್ಲದೆ ಬರೆದ ಹುಡುಗಿಯೇ ‘ಟು’ ಎಂದು ಬರೆಯಬೇಕಾದಾಗ ಪೆನ್ಸಿಲ್ ಕಚ್ಚುತ್ತಾ ಕೂರುತ್ತಾಳೆ. ಓ ಒಂದೋ, ಎರಡೋ, ನಡುವೆ ಡಬ್ಲ್ಯು ಬರಬೇಕೋ? ಕೆಂಪು ಶಾಯಿ ಬೀಳುವುದು ಬಹುಪಾಲು ಇಂಥ ಎರಡು, ಮೂರು, ನಾಲ್ಕು ಅಕ್ಷರದ ಪದಗಳ ಕೆಳಗೆ.

ಇದು ಈಗ ಮಲೆನಾಡಿನ ಮನೆಮನೆಯ ಪ್ರಶ್ನೆಯಾಗಿರುವುದಕ್ಕೆ ಎರಡು ಕಾರಣಗಳಿವೆ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಇಂಗ್ಲಿಷ್ ಒಂದನೆಯ ತರಗತಿಯಲ್ಲೇ ಒಂದು ವಿಷಯವಾಗಿ ಬಂತು; 2019ರಲ್ಲಿ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೇ ಶುರುವಾದವು. ಹೊಸನಗರ, ಸೊರಬದ ಹಳ್ಳಿಗಳಲ್ಲಿ ಮಗುವಿನ ಮನೆಪಾಠ ನೋಡಬೇಕಾದ ತಾಯಿ, ಅಜ್ಜ ಎಬಿಸಿಡಿಯನ್ನು ಐದನೆಯ ತರಗತಿಯಲ್ಲಿ ಕಂಡವರು. ಎರಡನೆಯ ಕಾರಣ ಕೈಯಲ್ಲಿರುವ ಮೊಬೈಲ್. ಅಡಿಕೆ ಮಾರಿದ ಹಣ ಖಾತೆಗೆ ಬಂದಿತೋ, ಖಾತೆಯಿಂದ ಹೋಯಿತೋ ಎಂಬುದನ್ನು ಬ್ಯಾಂಕಿನ ಸಂದೇಶ ಹೇಳುವುದು ‘ಟು’, ‘ಫ್ರಮ್’, ‘ಬೈ’ಗಳ ಮೂಲಕ.

ಮುಂದೆ ಹೋಗುವ ಮೊದಲು ಒಂದು ಸೂಚನೆ. ಈ ಲೇಖನದಲ್ಲಿ ಇಂಗ್ಲಿಷ್ ಸ್ಪೆಲಿಂಗನ್ನು ಮಕ್ಕಳು ಬಾಯಿಪಾಠ ಮಾಡುವ ರೀತಿಯಲ್ಲೇ ಅಕ್ಷರದ ಹೆಸರು ಹಿಡಿದು ಬರೆದಿದೆ: ಟಿ-ಓ, ಟಿ-ಓ-ಓ, ಟಿ-ಡಬ್ಲ್ಯು-ಓ. ಜೋರಾಗಿ ಓದಿಕೊಂಡರೆ ಇನ್ನೂ ಸಲೀಸು.

ಕನ್ನಡದಲ್ಲಿ ಕಿವಿ, ಇಂಗ್ಲಿಷಿನಲ್ಲಿ ಕಣ್ಣು

ಹತ್ತಿರಹತ್ತಿರದ ಪದಗಳಿಗೆ ಕನ್ನಡದಲ್ಲೂ ಬರವಿಲ್ಲ. ಹಲ್ಲು, ಹಾಲು, ಹುಲ್ಲು, ಹುಲಿ. ಒಂದು ಒತ್ತು, ಒಂದು ಕೊಂಬು ಅತ್ತಿತ್ತಾದರೆ ದನ ತಿನ್ನಬೇಕಾದದ್ದು ದನವನ್ನೇ ತಿನ್ನುವಂಥದ್ದಾಗುತ್ತದೆ. ಆದರೆ ಈ ನಾಲ್ಕನ್ನೂ ಬಾಯಿಬಿಟ್ಟು ಹೇಳಿದರೆ ನಾಲ್ಕು ಬೇರೆ ಬೇರೆ ಸದ್ದುಗಳು ಹೊರಡುತ್ತವೆ. ಸರಿಯಾಗಿ ಕೇಳಿಸಿಕೊಂಡವರು ಸರಿಯಾಗಿ ಬರೆಯುತ್ತಾರೆ. ಕನ್ನಡದ ಬರಹ ಸದ್ದಿನ ಬೆನ್ನು ಹಿಡಿದು ಹೋಗುತ್ತದೆ.

ಇಂಗ್ಲಿಷಿನಲ್ಲಿರುವ ಅಕ್ಷರಗಳು 26, ಮಾತಿನ ಸದ್ದುಗಳು ಸುಮಾರು 44. ಸ್ವರಗಳಲ್ಲಿ ಕೊರತೆ ಇನ್ನೂ ಹೆಚ್ಚು: ಸ್ವರಾಕ್ಷರಗಳು ಐದೇ, ಸ್ವರದ ಸದ್ದುಗಳು ಇಪ್ಪತ್ತರ ಸುಮಾರು. ಹೀಗಾಗಿ ಒಂದು ಅಕ್ಷರ ಹಲವು ಸದ್ದುಗಳನ್ನು ಹೊರಬೇಕು. ಒಂದೇ ಸದ್ದನ್ನು ಹಲವು ಬಗೆಯಲ್ಲಿ ಬರೆಯುವ ರೂಢಿಯೂ ಬೆಳೆದಿದೆ. ‘ಟು’ ಎಂಬ ಒಂದು ಸದ್ದಿಗೆ ಮೂರು ಬರಹಗಳು, ಮೂರು ಅರ್ಥಗಳು. ಟಿ-ಓ ಎಂದರೆ ನಮ್ಮ ‘ಗೆ, ಕ್ಕೆ’. ಟಿ-ಓ-ಓ ಎಂದರೆ ‘ಕೂಡ’ ಅಥವಾ ‘ಅತಿಯಾಗಿ’. ಟಿ-ಡಬ್ಲ್ಯು-ಓ ಎಂದರೆ ಎರಡು. ಒಂದೊಂದನ್ನೇ ಹೇಳಿದರೆ ಕಿವಿಗೆ ವ್ಯತ್ಯಾಸ ಸಿಗುವುದಿಲ್ಲ, ಕಾಗದದ ಮೇಲೆ ಮಾತ್ರ ಸಿಗುತ್ತದೆ. ಕಿವಿಯನ್ನು ನಂಬಿ ಬರೆಯುವ ಅಭ್ಯಾಸದವರು ಎಡವುವುದು ಸಹಜ.

ಇದಕ್ಕೆ ನಮ್ಮ ನಾಲಿಗೆಯ ಪಾಲೂ ಸೇರುತ್ತದೆ. ಇಂಗ್ಲಿಷರಿಗೆ ವಿ ಮತ್ತು ಡಬ್ಲ್ಯು ಬೇರೆ ಬೇರೆ ಸದ್ದುಗಳು. ಮೊದಲನೆಯದರಲ್ಲಿ ಹಲ್ಲು ಕೆಳತುಟಿಗೆ ತಾಗುತ್ತದೆ, ಎರಡನೆಯದರಲ್ಲಿ ತುಟಿಗಳೆರಡೂ ದುಂಡಗಾಗುತ್ತವೆ. ನಮಗೆ ಎರಡೂ ‘ವ’. ಹಾಗಾಗಿ ವಿ-ಇ-ಟಿ ಎಂಬ ಪಶುವೈದ್ಯನೂ ಡಬ್ಲ್ಯು-ಇ-ಟಿ ಎಂಬ ಒದ್ದೆಯೂ ನಮ್ಮ ಬಾಯಲ್ಲಿ ಒಂದೇ ‘ವೆಟ್’. ಇಂಗ್ಲಿಷರ ಕಿವಿಗೆ ಸಲೀಸಾಗಿ ಸಿಗುವ ಜೋಡಿಗಳೂ ನಮಗೆ ಒಂದಾಗಿ ಕೇಳಿಸುತ್ತವೆ.

ನಮ್ಮ ಲಿಪಿಗೂ ಒಂದು ಹಳೆಯ ಕಥೆಯಿದೆ

ಸದ್ದಿಗೊಂದು ಅಕ್ಷರ ಎಂಬ ಕನ್ನಡದ ಅಚ್ಚುಕಟ್ಟು ತಾನಾಗಿಯೇ ಉಳಿದು ಬಂದದ್ದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಶಾಸನಗಳಲ್ಲಿ ಇಂದಿನ ವರ್ಣಮಾಲೆಯಲ್ಲಿ ಇಲ್ಲದ ಎರಡು ಅಕ್ಷರಗಳು ಕಾಣುತ್ತವೆ: ಱ ಮತ್ತು ೞ. ನೀರಿನ ಕೆರೆಯನ್ನು ಆಗ ‘ಕೆಱೆ’ ಎಂದು ಬರೆಯುತ್ತಿದ್ದರು. ಉಗುರಿನಿಂದ ಕೆರೆಯುವುದು ಬೇರೆ ‘ರ’. ತಿಳಿಯುವುದು ‘ಅಱಿ’, ಕತ್ತರಿಸುವುದು ‘ಅರಿ’. ಮಳೆ ‘ಮೞೆ’ಯಾಗಿತ್ತು. ಕಾಲ ಸರಿದಂತೆ ಮಾತಿನಲ್ಲಿ ಈ ಸದ್ದುಗಳು ರ ಮತ್ತು ಳ ಜೊತೆ ಬೆರೆತುಹೋದವು. ಸದ್ದು ಹೋದ ಮೇಲೆ ಅಕ್ಷರವನ್ನೂ ಕನ್ನಡ ಕೈಬಿಟ್ಟಿತು. ಈಗ ‘ಕೆರೆ’ ಎಂದು ಬರೆದಾಗ ನೀರೋ, ತುರಿಕೆಯೋ ಎಂಬುದನ್ನು ವಾಕ್ಯ ಹೇಳಬೇಕು.

ಇಂಗ್ಲಿಷಿನಲ್ಲಿ ಆದದ್ದು ಇದಕ್ಕೆ ತಿರುಗುಮುರುಗು. ಸದ್ದು ಹೋಯಿತು, ಅಕ್ಷರ ಉಳಿಯಿತು. ಅವರ ಸ್ಪೆಲಿಂಗ್ ಇಂದಿನ ಮಾತಿನ ಚಿತ್ರವಲ್ಲ, ಐದಾರು ನೂರು ವರ್ಷಗಳ ಹಿಂದಿನ ಮಾತಿನ ಚಿತ್ರ. ‘ನೋ’ ಎಂದರೆ ತಿಳಿ ಎಂಬ ಪದವನ್ನು ಕೆ-ಎನ್-ಓ-ಡಬ್ಲ್ಯು ಎಂದು ಬರೆಯುತ್ತಾರೆ. ಆ ಕೆ ಸುಮ್ಮನೆ ಬಂದು ಕೂತದ್ದಲ್ಲ. ಸುಮಾರು ಹದಿನೇಳನೆಯ ಶತಮಾನದವರೆಗೂ ಅದನ್ನು ‘ಕ್ನ’ ಎಂದೇ ಉಚ್ಚರಿಸುತ್ತಿದ್ದರು. ಅದು ಸಂಸ್ಕೃತದ ‘ಜ್ಞಾ’ ಧಾತುವಿನ ದಾಯಾದಿ. ಮೊಣಕಾಲಿಗೆ ಹೇಳುವ ‘ನೀ’ ಎಂಬ ಪದದ ಮುಂದಿರುವ ಕೆ ಕೂಡ ಹಾಗೆಯೇ: ಆಜಾನುಬಾಹು ಎನ್ನುವಾಗ ಬರುವ ‘ಜಾನು’ವಿಗೂ ಅದಕ್ಕೂ ಮೂಲ ಒಂದೇ, ಜರ್ಮನ್ನರು ಇಂದಿಗೂ ಅದನ್ನು ‘ಕ್ನೀ’ ಎನ್ನುತ್ತಾರೆ. ಮೂಕ ಅಕ್ಷರವೆಂದು ನಗುವ ಮೊದಲು ನಾವು ಬರೆಯುವುದು ‘ಜ್ಞಾನ’, ಹೇಳುವುದು ‘ಗ್ನಾನ’ ಎಂಬುದನ್ನೂ ನೆನೆಯಬೇಕು.

ಟಿ-ಡಬ್ಲ್ಯು-ಓದ ಡಬ್ಲ್ಯು ಕೂಡ ಇಂಥದ್ದೇ. ಸಂಸ್ಕೃತದ ‘ದ್ವಿ’ಯಲ್ಲಿರುವ ‘ವ’ಕ್ಕೂ ಅದಕ್ಕೂ ಒಂದೇ ಬುಡ. ‘ಟು’ವಿನಲ್ಲಿ ಅದು ಸದ್ದಡಗಿದರೂ ಒಡಹುಟ್ಟಿದ ಪದಗಳಲ್ಲಿ ಇನ್ನೂ ಮಾತಾಡುತ್ತದೆ: ಟ್ವಿನ್ ಎಂದರೆ ಅವಳಿ, ಟ್ವೆಲ್ವ್ ಹನ್ನೆರಡು, ಟ್ವೆಂಟಿ ಎರಡು ಹತ್ತು, ಟ್ವೈಸ್ ಎರಡು ಬಾರಿ. ಎಣಿಕೆಯ ‘ಟು’ವಿಗೆ ಡಬ್ಲ್ಯು ಬೇಕು ಎಂದು ನೆನಪಿಡಲು ಮಗುವಿಗೆ ಇದಕ್ಕಿಂತ ಗಟ್ಟಿಯಾದ ಕೊಂಡಿ ಬೇಕಿಲ್ಲ.

ಸ್ಪೆಲಿಂಗ್ ಹೆಪ್ಪುಗಟ್ಟಿದ್ದು ಯಾವಾಗ?

597ರಲ್ಲಿ ರೋಮಿನಿಂದ ಬಂದ ಕ್ರೈಸ್ತ ಪ್ರಚಾರಕರು ಮತ್ತು ಅವರ ನಂತರದವರು ಇಂಗ್ಲೆಂಡಿನ ಮಾತಿಗೆ ಲ್ಯಾಟಿನ್ ಅಕ್ಷರ ತೊಡಿಸಿದರು. ಬೇರೊಬ್ಬರ ಅಳತೆಗೆ ಹೊಲಿದ ಅಂಗಿ ಅದು. ಅಲ್ಲಲ್ಲಿ ಬಿಗಿ, ಅಲ್ಲಲ್ಲಿ ಜೋಲು. 1066ರಲ್ಲಿ ಫ್ರಾನ್ಸಿನ ಕಡೆಯ ನಾರ್ಮನ್ನರು ಗೆದ್ದು ಆಳತೊಡಗಿದ ಮೇಲೆ ಬರಹಗಾರರು ಫ್ರೆಂಚ್ ರೂಢಿಗಳನ್ನು ತಂದರು. ಅವರ ಕೈಬರಹದಲ್ಲಿ ಯು, ಎನ್, ಎಂ, ವಿ ಎಲ್ಲವೂ ಸಾಲುಸಾಲು ನೆಟ್ಟಗಿನ ಗೀಟುಗಳು. ಒಂದರ ಪಕ್ಕ ಒಂದು ಬಂದರೆ ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. ಓದುವವರ ಕಣ್ಣಿಗೆ ಸುಲಭವಾಗಲೆಂದು ಅಂಥ ಕಡೆ ಯು ಬದಲು ಓ ಬರೆಯತೊಡಗಿದರು. ಮಗ ಎಂಬ ಅರ್ಥದ ‘ಸನ್’ ಎಸ್-ಓ-ಎನ್ ಆದದ್ದು, ಬಾ ಎಂಬ ‘ಕಮ್’ ಸಿ-ಓ-ಎಂ-ಇ ಆದದ್ದು ಹೀಗೆ. ಸೂರ್ಯನೆಂಬ ‘ಸನ್’ ಮಾತ್ರ ಎಸ್-ಯು-ಎನ್ ಆಗಿಯೇ ಉಳಿಯಿತು. ಮಗನಿಗೆ ಹಳೆಯ ಇಂಗ್ಲಿಷಿನಲ್ಲಿ ‘ಸುನು’ ಎನ್ನುತ್ತಿದ್ದರು, ಪವನಸೂನು ಎನ್ನುವಾಗ ಬರುವ ನಮ್ಮ ‘ಸೂನು’ವಿನ ನೆಂಟ.

1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚುಯಂತ್ರ ತಂದರು. ಅಚ್ಚಾದದ್ದು ರೂಢಿಯಾಗತೊಡಗಿತು. ಗ್ರಹಚಾರವೆಂದರೆ ಅದೇ ಹೊತ್ತಿಗೆ, ಸುಮಾರು 1400ರಿಂದ 1700ರ ನಡುವೆ, ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸುತ್ತಿದ್ದವು. ನೋಡು ಎಂಬ ‘ಸೀ’ಯಲ್ಲಿ ಎರಡು ಇ, ಸಮುದ್ರವೆಂಬ ‘ಸೀ’ಯಲ್ಲಿ ಇ-ಎ. ಮೊದಲು ಇವುಗಳ ಸದ್ದೂ ಬೇರೆಯೇ ಇತ್ತು. ಒಂದರಲ್ಲಿ ಬಿಗಿಯಾದ ‘ಏ’, ಇನ್ನೊಂದರಲ್ಲಿ ಬಾಯಗಲಿಸಿದ ‘ಏ’. ಎರಡೂ ಜಾರುತ್ತಾ ಬಂದು ‘ಈ’ಯಲ್ಲಿ ಸೇರಿಕೊಂಡವು. ಭೇಟಿಯಾಗು ಎಂಬ ‘ಮೀಟ್’, ಮಾಂಸವೆಂಬ ‘ಮೀಟ್’ ಇವುಗಳದ್ದೂ ಇದೇ ಪಾಡು. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಅವರ ನಿಘಂಟು ಬರುವ ಹೊತ್ತಿಗೆ ಬರಹ ಬಹುಮಟ್ಟಿಗೆ ಹೆಪ್ಪುಗಟ್ಟಿತ್ತು.

ಊರಿನ ಹೆಸರಿನ ಸ್ಪೆಲಿಂಗಾದರೆ ಸರ್ಕಾರ ಆದೇಶ ಹೊರಡಿಸಿ ಬದಲಿಸಬಹುದು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ತಿದ್ದುಪಡಿಯಾದಾಗ ‘ಶಿಮೊಗ’ ಹೋಗಿ ‘ಶಿವಮೊಗ್ಗ’ ಬಂತು. ಇಂಗ್ಲಿಷ್ ಭಾಷೆಗೆ ಹಾಗೆ ಆದೇಶ ಹೊರಡಿಸುವ ಮನೆಯೊಡೆಯ ಯಾರೂ ಇಲ್ಲ. ಅಮೆರಿಕದವರು ನೋವಾ ವೆಬ್‌ಸ್ಟರ್ ನಿಘಂಟಿನ ಪ್ರಭಾವದಲ್ಲಿ ಕೆಲವನ್ನು ಸರಳ ಮಾಡಿಕೊಂಡರು, ಅಷ್ಟೆ.

ಒಂದೇ ಪದ ಎರಡಾದ ಬಗೆ

ಹೆಚ್ಚು ಕಾಡುವ ಜೋಡಿಗಳಲ್ಲಿ ಕೆಲವು ಮೂಲದಲ್ಲಿ ಜೋಡಿಗಳೇ ಆಗಿರಲಿಲ್ಲ, ಒಂದೇ ಪದವಾಗಿದ್ದವು. ಒಂದೇ ತೋಟದ ಅಡಿಕೆ ಕೊಯ್ದ ಹದ ಮತ್ತು ಬೇಯಿಸಿ ಒಣಗಿಸಿದ ಬಗೆಗೆ ತಕ್ಕಂತೆ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಬೇರೆ ಹೆಸರು ಪಡೆದು ಶಿವಮೊಗ್ಗದ ಮಂಡಿಯಲ್ಲಿ ಬೇರೆ ಬೇರೆ ದರಕ್ಕೆ ಹೋಗುತ್ತದಲ್ಲ, ಹಾಗೆ. ಬೇರೆ ಬೇರೆ ಕೆಲಸಕ್ಕೆ ಬಿದ್ದ ಒಂದೇ ಪದ ಬೇರೆ ಬೇರೆ ಸ್ಪೆಲಿಂಗ್ ಪಡೆಯಿತು.

‘ಆಫ್’ ನೋಡೋಣ. ಹಳೆಯ ಇಂಗ್ಲಿಷಿನಲ್ಲಿ ಓ-ಎಫ್ ಒಂದೇ ಇತ್ತು. ದೂರ, ಕಡೆಯಿಂದ ಎಂಬ ಅರ್ಥ. ಒತ್ತಿ ಹೇಳಿದಾಗ ಅದು ಗಟ್ಟಿಯಾಗಿ ‘ಆಫ್’ ಎಂದೂ, ವಾಕ್ಯದ ನಡುವೆ ಹಗುರವಾಗಿ ಬಂದಾಗ ‘ಅವ್’ ಎಂದೂ ಕೇಳಿಸುತ್ತಿತ್ತು. ಹದಿನೇಳನೆಯ ಶತಮಾನದ ಹೊತ್ತಿಗೆ ಗಟ್ಟಿಯಾದದ್ದಕ್ಕೆ ಎರಡು ಎಫ್, ಹಗುರವಾದದ್ದಕ್ಕೆ ಒಂದು ಎಂಬ ಪಾಲುಪಟ್ಟಿ ಆಯಿತು. ಅರ್ಥಗಳೂ ದೂರವಾದವು. ಓ-ಎಫ್ ನಮ್ಮ ಷಷ್ಠಿ ವಿಭಕ್ತಿ, ‘ಅ’: ಗೊನೆಯ ಅಡಿಕೆ. ಓ-ಎಫ್-ಎಫ್ ಬೇರ್ಪಡುವುದು: ಗೊನೆ ಬಿಟ್ಟು ಉದುರಿದ ಅಡಿಕೆ. ದೀಪ ಆಫ್ ಆಗುವುದೂ, ಕೆಲಸಕ್ಕೆ ರಜೆ ಇರುವ ದಿನವೂ, ಬಸ್ಸಿನಿಂದ ಇಳಿಯುವುದೂ ಎರಡು ಎಫ್‌ನವು. ನಾವು ಎರಡನ್ನೂ ‘ಆಫ್’ ಎಂದೇ ಹೇಳುವುದರಿಂದ ಗೊಂದಲ ಹೆಚ್ಚಾಗಿದೆ. ಒಂದು ಎಫ್‌ನದ್ದನ್ನು ‘ಅವ್’ ಎಂದು ಹೇಳಿ ರೂಢಿಸಿಕೊಂಡರೆ ಈ ಒಂದು ಜೋಡಿಯಲ್ಲಾದರೂ ಕಿವಿಯೇ ಕೈಹಿಡಿಯುತ್ತದೆ.

ಇದರಲ್ಲಿ ದುಡ್ಡಿನ ಲೆಕ್ಕವೂ ಇದೆ. ಗಣಿತದ ಪುಸ್ತಕದಲ್ಲಿ ‘ಮೂವತ್ತು ಪರ್ಸೆಂಟ್ ಓ-ಎಫ್ 1000’ ಎಂದರೆ 300. ಆಷಾಢದಲ್ಲಿ ಗಾಂಧಿ ಬಜಾರಿನ ಬಟ್ಟೆ ಅಂಗಡಿಯಲ್ಲಿ 1000 ರೂಪಾಯಿ ಸೀರೆಗೆ ‘ಮೂವತ್ತು ಪರ್ಸೆಂಟ್ ಓ-ಎಫ್-ಎಫ್’ ಎಂದಿದ್ದರೆ ಕೊಡಬೇಕಾದದ್ದು 700. ಅದರ ಮೇಲ್ಗಡೆ ಚಿಕ್ಕ ಅಕ್ಷರದಲ್ಲಿ ‘ಅಪ್ ಟು’ ಎಂದಿದೆಯೇ ಎಂದೂ ನೋಡಿಕೊಳ್ಳುವುದು ಒಳ್ಳೆಯದು. ‘ಅಪ್ ಟು’ ಎಂದರೆ ‘ವರೆಗೆ’; ಕೆಲವು ಸೀರೆಗಳಿಗೆ ಮೂವತ್ತು ಇದ್ದೀತು, ನಿಮಗೆ ಹಿಡಿಸಿದ ಸೀರೆಗೆ ಐದು.

ಟಿ-ಎಚ್-ಎ-ಎನ್ ಮತ್ತು ಟಿ-ಎಚ್-ಇ-ಎನ್ ಕೂಡ ಒಂದೇ ಪದದ ಕವಲುಗಳು. ಇವು ಪೂರ್ತಿ ಬೇರೆಯಾದದ್ದು 1700ರ ಆಸುಪಾಸಿನಲ್ಲಿ. ಎ ಇರುವುದು ‘ಗಿಂತ’: ತೀರ್ಥಹಳ್ಳಿಗಿಂತ ಆಗುಂಬೆಯಲ್ಲಿ ಮಳೆ ಹೆಚ್ಚು. ಇ ಇರುವುದು ‘ಆಮೇಲೆ’ ಅಥವಾ ‘ಆಗ’: ಮೊದಲು ತೀರ್ಥಹಳ್ಳಿ, ಆಮೇಲೆ ಆಗುಂಬೆ. ಯಾವಾಗ ಎಂಬ ‘ವೆನ್’ ಜೊತೆ ಆಗ ಎಂಬ ‘ದೆನ್’ ಪ್ರಾಸ ಕೂಡುತ್ತದೆ, ಎರಡರಲ್ಲೂ ಇ.

ಟಿ-ಓ ಮತ್ತು ಟಿ-ಓ-ಓ ಹದಿನಾರನೆಯ ಶತಮಾನದಲ್ಲಿ ಬೇರೆ ಮನೆ ಮಾಡಿದವು. ‘ಅತಿ’ ಎಂಬ ಅರ್ಥ ಬಂದ ಕಡೆ ಓ ಕೂಡ ಅತಿಯಾಗಿದೆ ಎಂದುಕೊಂಡರೆ ಮುಗಿಯಿತು.

ಮೂರಕ್ಷರದ ಕಟ್ಟಳೆ

ಶಾಲೆಯಲ್ಲಿ ಇದನ್ನು ಹೇಳಿಕೊಡುವುದು ಅಪರೂಪ, ಆದರೆ ಗೊತ್ತಾದರೆ ಅರ್ಧ ಗೊಂದಲ ಕರಗುತ್ತದೆ. ಇಂಗ್ಲಿಷಿನಲ್ಲಿ ಎರಡು ಬಗೆಯ ಪದಗಳಿವೆ. ಒಂದು ಬಗೆಯವು ವಸ್ತು, ಕೆಲಸ, ಗುಣಗಳಿಗೆ ಹೆಸರಾದವು. ಅವಕ್ಕೆ ಸ್ವಂತ ಅರ್ಥವಿದೆ. ಇನ್ನೊಂದು ಬಗೆಯವು ಆ ಪದಗಳನ್ನು ಒಂದಕ್ಕೊಂದು ಕಟ್ಟುವ ಕೆಲಸದವು. ಒಂದೆರಡು ಅಕ್ಷರದಲ್ಲಿ ಮುಗಿಯುವ ಹಕ್ಕು ಸಾಮಾನ್ಯವಾಗಿ ಕಟ್ಟುವ ಪದಗಳಿಗೆ ಮಾತ್ರ. ಸ್ವಂತ ಅರ್ಥವುಳ್ಳ ಪದಕ್ಕೆ ಕಡಿಮೆಯೆಂದರೂ ಮೂರು ಅಕ್ಷರ ಬೇಕು.

ಐ-ಎನ್ ಎಂದರೆ ‘ಅಲ್ಲಿ, ಒಳಗೆ’. ಐ-ಎನ್-ಎನ್ ಎಂದರೆ ವಸತಿಗೃಹ, ಸಾಗರದ ಕಡೆ ಹೋಗುವ ದಾರಿಯ ಬೋರ್ಡುಗಳಲ್ಲಿ ಕಾಣುವುದು ಇದೇ. ಬಿ-ಇ ಎಂದರೆ ಇರು. ಬಿ-ಇ-ಇ ಎಂದರೆ ಜೇನುನೊಣ. ಓ-ಆರ್ ಎಂದರೆ ಅಥವಾ. ಓ-ಆರ್-ಇ ಎಂದರೆ ಅದಿರು, ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಯ ಕಾರ್ಖಾನೆಗೆ ಬರುತ್ತಿದ್ದದ್ದು. ಬಿ-ವೈ ಕಟ್ಟುವ ಪದ, ಬಿ-ಯು-ವೈ ಕೊಳ್ಳು. ನಾನು ಎಂಬ ‘ಐ’ಗೆ ಒಂದೇ ಅಕ್ಷರ, ಕಣ್ಣು ಎಂಬ ‘ಐ’ಗೆ ಇ-ವೈ-ಇ. ‘ಎಗ್’ನಲ್ಲಿ ಎರಡು ಜಿ, ‘ಆ್ಯಡ್’ನಲ್ಲಿ ಎರಡು ಡಿ ಇರುವುದು ಸದ್ದಿಗೆ ಬೇಕಾಗಿ ಅಲ್ಲ, ಮೂರರ ಲೆಕ್ಕ ತುಂಬಿಸಲು. ಹೋಗು ಎಂಬ ‘ಗೋ’, ಮಾಡು ಎಂಬ ‘ಡು’, ಎತ್ತು ಎಂಬ ‘ಆಕ್ಸ್’ ಈ ಕಟ್ಟಳೆ ಮೀರಿದವು. ನಿಯಮ ಮೀರುವವರು ಎಲ್ಲ ಊರಿನಲ್ಲೂ ನಾಲ್ಕು ಜನ ಇರುತ್ತಾರೆ.

ನಾವು ಬಾಲಕ್ಕೆ ಅಂಟಿಸುವುದನ್ನು ಅವರು ಮುಂದೆ ಇಡುತ್ತಾರೆ

ಕಟ್ಟುವ ಪದಗಳು ಕನ್ನಡಿಗರಿಗೆ ಇನ್ನೊಂದು ಕಾರಣಕ್ಕೂ ಜಾರುತ್ತವೆ. ನಾವು ಅಂಥವನ್ನು ಪದವಾಗಿ ಬರೆಯುವುದೇ ಇಲ್ಲ, ನಾಮಪದದ ಕೊನೆಗೆ ವಿಭಕ್ತಿಯಾಗಿ ಅಂಟಿಸಿಬಿಡುತ್ತೇವೆ. ಶಿವಮೊಗ್ಗಕ್ಕೆ, ಶಿವಮೊಗ್ಗದಿಂದ, ಶಿವಮೊಗ್ಗದ, ಶಿವಮೊಗ್ಗದಲ್ಲಿ. ಇಂಗ್ಲಿಷಿನಲ್ಲಿ ಈ ನಾಲ್ಕು ಬಾಲಗಳು ನಾಲ್ಕು ಬಿಡಿ ಪದಗಳಾಗಿ ಊರಿನ ಹೆಸರಿನ ಮುಂದೆ ಬಂದು ನಿಲ್ಲುತ್ತವೆ: ಟು, ಫ್ರಮ್, ಓ-ಎಫ್, ಇನ್. ಆದ್ದರಿಂದ ಇವುಗಳ ಅರ್ಥವನ್ನು ನಿಘಂಟಿನಲ್ಲಿ ಹುಡುಕುವುದಕ್ಕಿಂತ ಎದುರಿಗೆ ವಿಭಕ್ತಿ ಬರೆದಿಡುವುದು ಉಪಯುಕ್ತ.

ಬ್ಯಾಂಕಿನ ಸಂದೇಶವನ್ನು ಹೀಗೆ ಓದಬೇಕು. ‘ಕ್ರೆಡಿಟೆಡ್ ಟು’ ಎಂದಿದ್ದರೆ ಆ ಖಾತೆಗೆ ಜಮೆ. ‘ಡೆಬಿಟೆಡ್ ಫ್ರಮ್’ ಎಂದಿದ್ದರೆ ಆ ಖಾತೆಯಿಂದ ಖರ್ಚು. ‘ಪೇಡ್ ಟು’ ಎಂದರೆ ಅವರಿಗೆ ಕೊಟ್ಟದ್ದು, ‘ಪೇಡ್ ಬೈ’ ಎಂದರೆ ಅವರು ಕೊಟ್ಟದ್ದು. ಮೊತ್ತ ಒಂದೇ ಇರುತ್ತದೆ. ಹಣ ಯಾವ ದಿಕ್ಕಿಗೆ ಹರಿಯಿತೆಂದು ಹೇಳುವುದು ಎರಡಕ್ಷರದ ಪದ. ‘ಬೈ’ಗೆ ಇನ್ನೊಂದು ಅರ್ಥವೂ ಇದೆ. ‘ಪೇ ಬೈ 15’ ಎಂದು ಬಿಲ್ಲಿನಲ್ಲಿದ್ದರೆ 15ನೇ ತಾರೀಖಿನ ಒಳಗೆ, ಅಂದರೆ 15 ಕೂಡ ಸೇರಿ. ‘ಫ್ರಮ್ 15’ ಎಂದರೆ ಅಂದಿನಿಂದ ಶುರು.

ಕೊನೆಯ ಇ ಮತ್ತು ಜೋಡಿ ಅಕ್ಷರ

ಕನ್ನಡದಲ್ಲಿ ದೀರ್ಘದ ಗುರುತು ಆಯಾ ಅಕ್ಷರಕ್ಕೇ ಅಂಟಿರುತ್ತದೆ. ಇಂಗ್ಲಿಷಿನಲ್ಲಿ ಬಹಳ ಸಲ ಅದು ಪದದ ತುದಿಯಲ್ಲಿ ಮೂಕವಾಗಿ ನಿಂತ ಇ. ಕಿಟ್‌ಗೆ ಇ ಸೇರಿದರೆ ಕೈಟ್, ಗಾಳಿಪಟ. ಹ್ಯಾಟ್‌ಗೆ ಸೇರಿದರೆ ಹೇಟ್, ದ್ವೇಷ. ನಾಟ್ ಇದ್ದದ್ದು ನೋಟ್, ಕಟ್ ಇದ್ದದ್ದು ಕ್ಯೂಟ್. ಶಿವಮೊಗ್ಗ ಸಮೀಪದ ಸೋಗಾನೆಯ ವಿಮಾನ ನಿಲ್ದಾಣ ವರ್ಷಗಟ್ಟಲೆ ಬರಿಯ ‘ಪ್ಲ್ಯಾನ್’ ಆಗಿತ್ತು. 2023ರ ಫೆಬ್ರುವರಿ 27ರಂದು ಉದ್ಘಾಟನೆಯಾಗಿ ಅದರ ಕೊನೆಗೆ ಇ ಸೇರಿ ‘ಪ್ಲೇನ್’ ಬಂದಿಳಿಯಿತು.

ಹ್ಯಾವ್, ಗಿವ್, ಲವ್ ಪದಗಳ ಕೊನೆಯ ಇಗೆ ಈ ಕೆಲಸವಿಲ್ಲ. ಇಂಗ್ಲಿಷ್ ಪದ ವಿ ಅಕ್ಷರದಲ್ಲಿ ಮುಗಿಯಬಾರದೆಂಬ ಹಳೆಯ ರೂಢಿಯಿಂದ ಅದು ಊರುಗೋಲಾಗಿ ನಿಂತಿದೆ.

ಜೋಡಿ ಅಕ್ಷರದ ವಿಷಯದಲ್ಲಿ ನಮ್ಮ ಒತ್ತಕ್ಷರದ ಅಭ್ಯಾಸ ದಾರಿ ತಪ್ಪಿಸುತ್ತದೆ. ಹಳಿಗೂ ಹಳ್ಳಿಗೂ ‘ಳ’ದ ತೂಕದಲ್ಲೇ ವ್ಯತ್ಯಾಸ. ಇಂಗ್ಲಿಷಿನಲ್ಲಿ ಎರಡು ಎನ್ ಬಂದರೆ ‘ನ್ನ’ ಎಂದು ಒತ್ತುವುದಿಲ್ಲ. ಹಿಂದಿನ ಸ್ವರ ಹ್ರಸ್ವ ಎಂದಷ್ಟೇ ಅರ್ಥ. ನಾವು ‘ಡಿನ್ನರ್’ ಎನ್ನುತ್ತೇವೆ, ಅವರು ‘ಡಿನರ್’. ಒಂದು ಎನ್ ತೆಗೆದರೆ ಅದು ‘ಡೈನರ್’, ಊಟ ಮಾಡುವವನು. ಒಂದು ಪಿ ಇರುವ ‘ಹೋಪಿಂಗ್’ ಆಸೆಪಡುವುದು, ಎರಡು ಪಿ ಇರುವ ‘ಹಾಪಿಂಗ್’ ಒಂಟಿಕಾಲಲ್ಲಿ ಕುಪ್ಪಳಿಸುವುದು.

ಈ ನಿಯಮಗಳನ್ನು ಕಲಿತು ಹಿಗ್ಗುವ ಹೊತ್ತಿಗೆ ಎದುರಾಗುವುದು ಎಲ್-ಓ-ಎಸ್-ಇ. ರೋಸ್, ನೋಸ್ ಹಾಗೆ ಇದೂ ‘ಲೋಸ್’ ಆಗಬೇಕಿತ್ತು, ಆದರೆ ‘ಲೂಝ್’: ಕಳೆದುಕೊಳ್ಳು ಅಥವಾ ಸೋಲು. ಇನ್ನೊಂದು ಓ ಸೇರಿದರೆ ‘ಲೂಸ್’: ಸಡಿಲ. ಮಳೆಗಾಲದಲ್ಲಿ ವಿದ್ಯುತ್ ಹೋಗಿಬಂದು ಮಾಡಿದಾಗ ಲೈನ್‌ಮನ್ ಹೇಳುವ ‘ಲೂಸ್ ಕನೆಕ್ಷನ್’ ಇದೇ. ಊರಿನ ಯಾರನ್ನೋ ಹಾಗೆ ಕರೆಯುವಾಗಲೂ ಓ ಎರಡೇ. ಕಡೆಯ ಸದ್ದನ್ನು ‘ಝ್’ ಎನ್ನುವ ರೂಢಿ ನಮ್ಮಲ್ಲಿ ಕಡಿಮೆಯಾದ್ದರಿಂದ ಇವೆರಡೂ ಸುಲಭವಾಗಿ ಅದಲುಬದಲಾಗುತ್ತವೆ.

ಜಾಗ, ಒಡೆತನ, ಮೇಲೊಂದು ಕೊಂಡಿ

ಇಲ್ಲಿ ಎಂಬ ‘ಹಿಯರ್’ ಪದದ ನಾಲ್ಕು ಅಕ್ಷರಗಳು ಎಚ್-ಇ-ಆರ್-ಇ. ಇದರ ಮೊದಲಿಗೆ ಟಿ ಹಾಕಿದರೆ ಅಲ್ಲಿ, ಡಬ್ಲ್ಯು ಹಾಕಿದರೆ ಎಲ್ಲಿ. ಜಾಗ ಹೇಳುವ ಮೂರರ ಹೊಟ್ಟೆಯಲ್ಲೂ ‘ಹಿಯರ್’ ಇದೆ. ‘ಅವರ’ ಎಂಬ ‘ದೇರ್’ ಪದದಲ್ಲಿ ಮಾತ್ರ ಟಿ ನಂತರ ಎಚ್-ಇ-ಐ-ಆರ್. ಆ ನಾಲ್ಕನ್ನೇ ಬಿಡಿಸಿಟ್ಟರೆ ವಾರಸುದಾರ ಎಂಬ ಇಂಗ್ಲಿಷ್ ಪದವಾಗುತ್ತದೆ. ಆಸ್ತಿ, ಒಡೆತನ ಎಂದರೆ ಈ ‘ದೇರ್’. ಈ ಪದ ಇಂಗ್ಲಿಷಿನದ್ದೂ ಅಲ್ಲ; ದಾಳಿ ಮಾಡಲು ಬಂದು ನೆಲೆಸಿದ ಉತ್ತರದ ವೈಕಿಂಗ್ ಜನರ ಭಾಷೆಯಿಂದ ಬಂದದ್ದು. ಡಬ್ಲ್ಯು-ಇ-ಆರ್-ಇ ‘ಇದ್ದರು’, ಅದರಲ್ಲಿ ಎಚ್ ಇಲ್ಲ, ಜಾಗದ ಸುದ್ದಿಯೂ ಇಲ್ಲ.

ಇನ್ನು ‘ಇಟ್ಸ್’. ಐ-ಟಿ-ಎಸ್ ಎಂದರೆ ಅದರ. ಟಿ ಆದ ಮೇಲೆ ತಲೆಯ ಮಟ್ಟದಲ್ಲಿ ಅಲ್ಪವಿರಾಮದಂಥ ಕೊಂಡಿ, ಅಪಾಸ್ಟ್ರಫಿ, ಬಂದರೆ ‘ಇಟ್ ಈಸ್’ ಎಂಬುದರ ಸಂಕ್ಷೇಪ. ಕೊಂಡಿ ಒಡೆತನದ ಗುರುತೂ ಹೌದು ಎಂದು ಶಾಲೆಯಲ್ಲಿ ಹೇಳಿಕೊಟ್ಟಿರುವುದರಿಂದ ತಲೆ ಕೆಡುತ್ತದೆ. ಇಂಗ್ಲಿಷರೇ ಹದಿನೇಳನೆಯ ಶತಮಾನದಲ್ಲಿ ಒಡೆತನದ ಪದಕ್ಕೂ ಕೊಂಡಿ ಹಾಕಿ ಬರೆಯುತ್ತಿದ್ದರು, ಆಮೇಲೆ ತೆಗೆದರು. ಕನ್ನಡಿಗರಿಗೆ ಹೆಚ್ಚಿನ ತೊಡಕೆಂದರೆ ನಮಗೆ ‘ಈಸ್’ ಎಂಬ ಪದದ ಹಂಗೇ ಇಲ್ಲ. ‘ಇದು ಮನೆ’ ಎಂದರೆ ವಾಕ್ಯ ಮುಗಿಯಿತು. ಹಾಗಾಗಿ ಪರೀಕ್ಷೆ ಹೀಗಿರಲಿ: ಬರೆದ ಜಾಗದಲ್ಲಿ ‘ಇಟ್ ಈಸ್’ ಎಂದು ಬಿಡಿಸಿ ಓದಿ ನೋಡುವುದು. ವಾಕ್ಯ ನಿಂತರೆ ಕೊಂಡಿ ಹಾಕಬೇಕು, ಕುಸಿದರೆ ಬೇಡ.

ಮೊಬೈಲ್ ಹಿಡಿಯದ ತಪ್ಪುಗಳು

ಉಳಿದವು ಅಕ್ಷರಗಳು ಸ್ಥಾನ ಬದಲಿಸಿದ ಪದಗಳು. ಎಫ್-ಓ-ಆರ್-ಎಂ ಅರ್ಜಿ ನಮೂನೆ, ಎಫ್-ಆರ್-ಓ-ಎಂ ಇಂದ. ಕ್ಯೂ-ಯು-ಐ-ಇ-ಟಿ ಸದ್ದಿಲ್ಲದ್ದು, ಕ್ಯೂ-ಯು-ಐ-ಟಿ-ಇ ಸಾಕಷ್ಟು, ಕೊನೆಯ ಇ ಬಿಟ್ಟರೆ ಕ್ವಿಟ್, ಬಿಟ್ಟುಬಿಡು. ಮೂರೂ ಲ್ಯಾಟಿನ್ನಿನ ಒಂದೇ ಪದದ ಮಕ್ಕಳು. ಡಬ್ಲ್ಯು-ಎ-ಎಸ್ ಇತ್ತು, ತಿರುಗಿಸಿದರೆ ‘ಸಾ’, ನೋಡಿದೆ.

ಸ್ಪೆಲಿಂಗ್ ತಪ್ಪಾದರೆ ಮೊಬೈಲ್ ಕೆಂಪು ಗೆರೆ ಎಳೆಯುತ್ತದಲ್ಲ, ಕಲಿಯುವುದೇಕೆ ಎನ್ನುವವರಿದ್ದಾರೆ. ಆ ಗೆರೆ ಬೀಳುವುದು ನಿಘಂಟಿನಲ್ಲಿ ಇಲ್ಲದ ಪದದ ಕೆಳಗೆ. ಎಫ್-ಓ-ಆರ್-ಎಂ ಆಗಲಿ, ಎಫ್-ಆರ್-ಓ-ಎಂ ಆಗಲಿ ಎರಡೂ ನಿಘಂಟಿನಲ್ಲಿವೆ. ಒಂದರ ಜಾಗದಲ್ಲಿ ಇನ್ನೊಂದು ಕೂತರೂ ಹಲವು ಸಲ ಯಂತ್ರ ಸುಮ್ಮನಿರುತ್ತದೆ. ವ್ಯಾಕರಣವನ್ನೂ ನೋಡುವ ಹೊಸ ತಂತ್ರಾಂಶಗಳು ಕೆಲವನ್ನು ಹಿಡಿಯುತ್ತವೆ, ಕೆಲವನ್ನು ಬಿಡುತ್ತವೆ. ಬೆರಳಿಗಿಂತ ಮುಂದೆ ಓಡಿ ತಾವೇ ತಪ್ಪು ಪದ ತುಂಬಿಸುವುದೂ ಉಂಟು.

ಮಗುವಿಗೆ ಹೇಳಿಕೊಡುವಾಗ ಜೋಡಿ ಪದಗಳೆರಡನ್ನೂ ಒಂದೇ ದಿನ ಅಕ್ಕಪಕ್ಕ ಇಟ್ಟು ಕಲಿಸುವುದು ಹೊಸಬರಿಗೆ ಗೊಂದಲವನ್ನೇ ಹೆಚ್ಚಿಸಬಹುದು. ಒಂದನ್ನು ವಾಕ್ಯದ ಸಮೇತ ಗಟ್ಟಿ ಮಾಡಿಸಿ, ಕೆಲವು ದಿನ ಬಿಟ್ಟು ಇನ್ನೊಂದಕ್ಕೆ ಹೋಗುವುದು ಲೇಸು. ‘ಗೊನೆಯ ಅಡಿಕೆ’, ‘ತೀರ್ಥಹಳ್ಳಿಗಿಂತ ಆಗುಂಬೆ’ ಎಂಬಂಥ ಮನೆಯ ಮಾತಿನ ವಾಕ್ಯವಾದರೆ ಬೇಗ ಹತ್ತುತ್ತದೆ. ದೊಡ್ಡವರು ಅರ್ಜಿಯನ್ನೋ ಪತ್ರವನ್ನೋ ಕಳಿಸುವ ಮೊದಲು ಉದ್ದದ ಪದಗಳನ್ನು ಬಿಟ್ಟು ಎರಡು, ಮೂರು, ನಾಲ್ಕು ಅಕ್ಷರದವನ್ನು ಮಾತ್ರ ಬೆರಳಿಟ್ಟು ಒಂದು ಸಲ ನೋಡಿಕೊಂಡರೆ ಸಾಕು. ಉದ್ದದವುಗಳ ಕಾವಲಿಗೆ ಯಂತ್ರವಿದೆ.